ಸತ್ತವರಿಗೆ ಮಾತ್ರ

"ಇವತ್ತಿಂದ ಇದರ ಫಲ ನಿನ್ನ ಗಂಡನಿಗೆ ಹೋಗಲಿ," ಎಂದರು ಅತ್ತೆ. ಸೊಸೆ ಪ್ರಾರ್ಥನೆಯ ಪುಸ್ತಕದಿಂದ ತಲೆ ಎತ್ತಲಿಲ್ಲ. "ಒಲೆ ಮೇಲೆ ಹಾಲಿದೆ," ಎಂದು ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಆ ಪುಸ್ತಕ ಅತ್ತೆಯ ತಾಯಿಯ ಕಾಲದ್ದು. ಸೊಸೆ ಕೆಲಸ ಮಾಡುವ ಬೈಂಡಿಂಗ್ ಅಂಗಡಿಯಲ್ಲಿ ಅದು ಎರಡು ಸಲ ಹೊಲಿಗೆ ಹಾಕಿಸಿಕೊಂಡು ಹೊಸ ರಟ್ಟು ಕಂಡಿತ್ತು. ಪ್ರತಿ ಪ್ರಾರ್ಥನೆಯ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: ಭಕ್ತಿಯಿಂದ ಹೇಳಿದವರಿಗೆ ನೂರು ದಿವಸಗಳ ದಂಡವಿಮೋಚನೆ, ಇನ್ನೊಂದಕ್ಕೆ ಮುನ್ನೂರು. ಪಾಪಕ್ಕೆ ಕ್ಷಮೆ ಸಿಕ್ಕ ಮೇಲೂ ಉಳಿಯುವ ಶಿಕ್ಷೆಯಲ್ಲಿ ಅಷ್ಟು ದಿನ ಕಡಿಮೆಯಾಗುತ್ತದೆ ಎಂದು ಅತ್ತೆಯ ನಂಬಿಕೆ. ಅದನ್ನು ಹೇಳಿದವರೇ ಇಟ್ಟುಕೊಳ್ಳಬಹುದು, ಇಲ್ಲವೇ ಶುದ್ಧೀಕರಣ ಸ್ಥಳದಲ್ಲಿ ಸ್ವರ್ಗಕ್ಕಾಗಿ ಕಾಯುತ್ತಿರುವ ಆತ್ಮಕ್ಕೆ ಬಿಟ್ಟುಕೊಡಬಹುದು. ಅತ್ತೆಯ ಕಣ್ಣಿಗೆ ಪೊರೆ ಬಂದ ಮೇಲೆ ದಿನಾ ಸಂಜೆ ಓದುವವಳು ಸೊಸೆ. ಕೊನೆಗೆ ಫಲವನ್ನು ತೀರಿಹೋದ ಮಾವನ ಹೆಸರಿಗೆ ಒಪ್ಪಿಸುವವಳೂ ಅವಳೇ.

ಗಂಡ ಸರಕು ಹಡಗಿನ ಅಡುಗೆಯವ. ಒಂಬತ್ತು ವರ್ಷದ ಹಿಂದೆ ಯಾವುದೋ ಬಂದರಿನಲ್ಲಿ ತರಕಾರಿ ತರಲು ಇಳಿದವನು ಹಡಗಿಗೆ ಮರಳಲಿಲ್ಲ. ಹೆಣ ಸಿಗಲಿಲ್ಲ, ಕಂಡೆ ಎಂದವರೂ ಇಲ್ಲ. ಮೊದಲೆರಡು ವರ್ಷ ಅತ್ತೆ ಸೊಸೆ ಇಬ್ಬರೂ ಅವನ ಮಾತನ್ನೇ ಆಡುತ್ತಿದ್ದರು. ಆಮೇಲೆ ಅದು ಯಾವಾಗ ನಿಂತುಹೋಯಿತೋ ಇಬ್ಬರಿಗೂ ಗೊತ್ತಿಲ್ಲ.

ಮರುದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವಳು ಚರ್ಚಿಗೆ ಹೋದಳು. ವಯಸ್ಸಾದ ಪಾದ್ರಿ ಮೇಣದಬತ್ತಿಯ ಸ್ಟ್ಯಾಂಡಿಗೆ ಅಂಟಿದ ಮೇಣ ಕೆರೆಯುತ್ತಿದ್ದರು.

"ಫಾದರ್, ದಂಡವಿಮೋಚನೆನ ಬದುಕಿರೋರಿಗೆ ಕೊಡಬಹುದಾ?"

"ಇಲ್ಲಮ್ಮ. ನಿನಗೆ ನೀನು ಪಡ್ಕೋಬಹುದು, ಇಲ್ಲಾ ಸತ್ತವರಿಗೆ ಕೊಡಬಹುದು. ಬದುಕಿರೋನು ಅವನದನ್ನ ಅವನೇ ಹೇಳ್ಕೋಬೇಕು. ಅಂದಹಾಗೆ ಆ ದಿವಸಗಳ ಲೆಕ್ಕ ಈಗಿಲ್ಲ, ತೆಗೆದು ಎಷ್ಟೋ ಕಾಲ ಆಯ್ತು. ನಿಮ್ಮತ್ತೆಗೂ ಹೇಳಿದ್ದೆ. ನಿಮಗೇನು ಗೊತ್ತು ಅಂತ ನನಗೇ ಗದರಿದ್ರು."

ಅವಳಿಗೆ ನಗು ಬರಲಿಲ್ಲ. "ಸತ್ತಿದಾನೆ ಅಂದ್ಕೊಂಡು ಕೊಟ್ಟು, ಅವನು ಬದುಕಿದ್ರೆ?"

ಯಾರ ಮಾತು ಎಂದು ಪಾದ್ರಿಗೆ ತಿಳಿಯಿತು. "ಏನೂ ಪೋಲಾಗಲ್ಲ. ಬೇಕಾದ ಇನ್ನೊಂದು ಆತ್ಮಕ್ಕೆ ದೇವರು ಮುಟ್ಟಿಸ್ತಾನೆ."

"ಪೋಲಾಗೋದು ನನ್ನ ಚಿಂತೆ ಅಲ್ಲ ಫಾದರ್. ನನ್ನ ಗಂಡನ ಆತ್ಮಕ್ಕೆ ಅಂತ ನನ್ನ ಬಾಯಲ್ಲಿ ಬರಬೇಕಲ್ಲ."

ಪಾದ್ರಿ ಕೈಯಲ್ಲಿದ್ದ ಮೇಣದ ಚೂರನ್ನು ಬೆರಳಲ್ಲಿ ಉಂಡೆ ಮಾಡುತ್ತ ನಿಂತರು. "ಹೇಳು ಅಂತ ನಾನು ಹೇಳಲ್ಲ," ಎಂದರು ಕೊನೆಗೆ. "ಬೇಡ ಅಂತಲೂ ಹೇಳಲ್ಲ."

ಅಂಗಡಿಯಲ್ಲಿ ಅವಳ ಕೈಗಳು ತಮ್ಮ ಪಾಡಿಗೆ ಹಾಳೆ ಮಡಿಸಿದವು, ಹೊಲಿದವು, ಬೆನ್ನಿಗೆ ಗೋಂದು ಹಚ್ಚಿದವು. ಮಧ್ಯಾಹ್ನದ ಹೊತ್ತಿಗೆ ಒಂದು ಪುಸ್ತಕವನ್ನು ತಲೆಕೆಳಗಾಗಿ ರಟ್ಟಿಗೆ ಕೂರಿಸಿಬಿಟ್ಟಳು. ಅದನ್ನು ಬಿಚ್ಚುತ್ತ ಕೂತಾಗ ಒಂದು ಯೋಚನೆ ಹೊಕ್ಕಿತು. ಅವನು ನಿಜವಾಗಿಯೂ ಆ ಶುದ್ಧೀಕರಣ ಸ್ಥಳದಲ್ಲೇ ಇದ್ದರೆ? ಅಕ್ಕಪಕ್ಕದವರಿಗೆಲ್ಲ ಮನೆಯವರಿಂದ ಏನೋ ಬರುತ್ತಿದೆ. ಒಂಬತ್ತು ವರ್ಷದಿಂದ ಅವನೊಬ್ಬನೇ ಬರಿಗೈಲಿ ನಿಂತಿದ್ದಾನೆ. ಅದೂ ತನ್ನ ಹೆಂಡತಿಯ ಹಟಕ್ಕೆ. ಅವನು ಊಟಕ್ಕೂ ಕೊನೆಗೇ ಕೂರುತ್ತಿದ್ದವನು, ಕೇಳಿ ಬಡಿಸಿಕೊಂಡವನಲ್ಲ. ಅಲ್ಲೂ ಕೇಳುವುದಿಲ್ಲ. ಅವಳು ರಟ್ಟನ್ನು ಕೆಳಗಿಟ್ಟು ಹಿತ್ತಿಲ ನಲ್ಲಿಯ ಬಳಿ ಹೋಗಿ ತುಂಬ ಹೊತ್ತು ಮುಖ ತೊಳೆದಳು.

ಸಂಜೆ ಕೈಕಾಲು ತೊಳೆದು ತಾನೇ ಪುಸ್ತಕ ತೆಗೆದುಕೊಂಡು ಕೂತಳು. ಮುನ್ನೂರು ದಿವಸದ ಪ್ರಾರ್ಥನೆಯನ್ನೇ ಆರಿಸಿ, ಒಂದೊಂದೇ ಪದ ಬಿಡಿಸಿ ಓದಿದಳು. ಅತ್ತೆ ಕಣ್ಣು ಮುಚ್ಚಿ ಜೊತೆಗೆ ತುಟಿ ಆಡಿಸುತ್ತಿದ್ದರು. ಆಮೆನ್ ಆಯಿತು. ಸೊಸೆ ಉಸಿರು ಎಳೆದುಕೊಂಡಳು.

"ಇದರ ಫಲ ನನ್ನ ಗಂಡನ..."

ಅತ್ತೆಯ ಕೈ ತಡಕಾಡುತ್ತ ಬಂದು ಅವಳ ಬಾಯಿ ಮುಚ್ಚಿತು. ಹಗುರಾದ ಕೈ, ಆದರೆ ಬಿಗಿಯಾಗಿತ್ತು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು, ಚೈನಿನ ಸದ್ದು ದೂರವಾಗುವವರೆಗೂ ಕೇಳಿಸಿತು.

"ನೀವೇ ಹೇಳಿದ್ರಲ್ಲ ಅತ್ತೆ," ಎಂದಳು ಸೊಸೆ, ಆ ಕೈಯನ್ನು ಮೆಲ್ಲಗೆ ಇಳಿಸಿ.

"ಹೇಳಿದ್ದೆ. ನಾನು ಹೋದ್ಮೇಲೆ ಅವನಿಗೋಸ್ಕರ ಯಾರು ಬೇಡ್ಕೋತಾರೆ ಅಂತ ಹೇಳಿದ್ದೆ. ನಿನ್ನ ಬಾಯಲ್ಲಿ ಕೇಳಿದ್ರೆ ಹಿಂಗಾಗುತ್ತೆ ಅಂತ ಗೊತ್ತಿರಲಿಲ್ಲ ಕಣೇ." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ತುಸು ಹೊತ್ತಿನ ಮೇಲೆ ಕೇಳಿದರು, "ಅವತ್ತು ಹೊರಡುವಾಗ ಯಾವ ಅಂಗಿ ಹಾಕಿದ್ದ, ನೆನಪಿದೆಯಾ?"

"ಕಂದು ಬಣ್ಣದ್ದು."

"ಕಂದೆಲ್ಲಿಂದ ಬಂತು? ನೀಲಿ ಗೆರೆದು. ನಾನೇ ಇಸ್ತ್ರಿ ಮಾಡಿಕೊಟ್ಟಿದ್ದೆ."

"ಇಸ್ತ್ರಿ ಮಾಡಿದ್ದು ಪೆಟ್ಟಿಗೆ ಒಳಗಿತ್ತು ಅತ್ತೆ. ಮೈಮೇಲೆ ಇದ್ದಿದ್ದು ಕಂದು. ಮೇಲಿನ ಗುಂಡಿ ಕಿತ್ತಿತ್ತು, ಹೊಲಿದುಕೊಡ್ತೀನಿ ಅಂದ್ರೆ ನಿಲ್ಲಲೇ ಇಲ್ಲ."

"ನೀಲಿ ಕಣೇ. ಹೆತ್ತೋಳಿಗೆ ಗೊತ್ತಿರಲ್ವಾ?"

"ಕಂದೇ ಅತ್ತೆ."

"ಸರಿ ಬಿಡು, ನಿನ್ನ ಹತ್ರ ಏನು ವಾದ," ಎಂದು ಅತ್ತೆ ಗೋಡೆಗೆ ಒರಗಿದರು. "ಬರಲಿ, ಅವನನ್ನೇ ಕೇಳೋಣ."