ಬೀಗ ಪರೀಕ್ಷಿಸಿ ಕೊಡಲಾಗುತ್ತದೆ

"ನಿನ್ನ ಸರಕು ಎಲ್ಲಿ?"

ಮೇಡಂ ಕೇಳಿದ್ದು ಪ್ರಶ್ನೆಯಲ್ಲ, ತೀರ್ಪು. ಮೇಜು ಬರಿದಾಗಿತ್ತು. ಅದರ ಹಿಂದೆ ಕುಳಿತಿದ್ದ ಬೀಗ ರಿಪೇರಿಯವನ ಮಗಳು ಎದ್ದು ನಿಂತಳು. ತಲೆ ಮಾತ್ರ ತಗ್ಗಿಸಲಿಲ್ಲ.

ತರಬೇತಿ ಕೇಂದ್ರದ ಸಭಾಂಗಣದಲ್ಲಿ ಅಂದು ಒಂದು ದಿನದ ಸಂತೆ. ಹಣ ನಿಭಾಯಿಸುವುದು, ಆನ್‌ಲೈನ್ ಸುರಕ್ಷತೆ, ಸ್ವಂತ ಉದ್ಯಮ ಎಂದು ಮೂರು ತಿಂಗಳು ಕಲಿತ ಇಪ್ಪತ್ಮೂರು ಮಂದಿ, ಕೇಂದ್ರ ಕೊಟ್ಟ ಪುಟ್ಟ ಬಂಡವಾಳದಲ್ಲಿ ಏನಾದರೂ ಮಾಡಿ ಮಾರಬೇಕು. ಎಲ್ಲರೂ ಎಲ್ಲರ ಮೇಜಿಗೂ ಅಂಕ ಕೊಡಬೇಕು. ಪಾಸಾದವರಿಗೆ ಅಂಗಡಿ ತೆರೆಯಲು ಸಾಲ. ಮೇಡಂ ಸೊನ್ನೆ ಕೊಟ್ಟರೆ ಅವತ್ತೇ ಮನೆಗೆ. ಈ ಹುಡುಗಿಯನ್ನು ಮನೆಗೆ ಕಳಿಸುವ ಘಳಿಗೆಗಾಗಿ ಮೇಡಂ ಮೂರು ತಿಂಗಳಿಂದ ಕಾದಿದ್ದರು.

ಮೊದಲ ದಿನದಿಂದಲೇ ಇಬ್ಬರದೂ ಎಣ್ಣೆ ಸೀಗೆಕಾಯಿ. ಮೋಸಗಾರ ನಮ್ಮೊಳಗೆ ಎರಡೇ ಬಾಗಿಲಿಂದ ಬರುತ್ತಾನೆ, ಒಂದು ಆಸೆ, ಇನ್ನೊಂದು ಭಯ ಎಂದು ಮೇಡಂ ಬೋರ್ಡಿನ ಮೇಲೆ ಬರೆದಾಗ ಹಿಂದಿನ ಸಾಲಿನಿಂದ ಇವಳು ಬಾಯಿ ಹಾಕಿದ್ದಳು.

"ಸಿಟ್ಟು ಬಂದವರು ಮೋಸ ಹೋಗಲ್ವಾ ಮೇಡಂ?"

ಹನ್ನೊಂದು ವರ್ಷ ಅದೇ ಪಾಠ ಮಾಡಿದವರನ್ನು ಯಾರೂ ತಿದ್ದಿರಲಿಲ್ಲ. "ಸಿಟ್ಟು ಬಂದವರು ಎಚ್ಚರವಾಗಿರ್ತಾರೆ. ನಿನ್ನ ಹಾಗೆ ಆಕಳಿಸ್ತಾ ಕೂರಲ್ಲ," ಎಂದಿದ್ದರು. ತರಗತಿ ಗೊಳ್ಳೆಂದಿತು. ಅವಳು ಮಾತ್ರ ನಗಲಿಲ್ಲ.

ಅಂದಿನಿಂದ ಅವಳನ್ನು ಕಂಡರೆ ಮೇಡಂಗೆ ಆಗದು. ಅವಳ ಖರ್ಚುವೆಚ್ಚದ ಹಾಳೆಯಲ್ಲಿ ತಪ್ಪೇ ಸಿಗದಿದ್ದಾಗ ಅಕ್ಷರ ಚೆನ್ನಾಗಿಲ್ಲವೆಂದು ಅಂಕ ಕಳೆದರು. ಐದು ನಿಮಿಷ ತಡವಾಗಿ ಬಂದ ದಿನ ಬಾಗಿಲ ಹೊರಗೆ ನಿಲ್ಲಿಸಿದರು. ಅವಳು ಅಲ್ಲೇ ನಿಂತು ಗೋಡೆಗೆ ಪುಸ್ತಕ ಒತ್ತಿ ಪಾಠ ಬರೆದುಕೊಂಡಳು. ಅದು ಮೇಡಂ ಮೈಯನ್ನು ಇನ್ನಷ್ಟು ಉರಿಸಿತು.

ಈಗಲೂ ಅವಳ ಮುಖದಲ್ಲಿ ಅದೇ ನಿರಾಳ.

"ಬೋರ್ಡ್ ನೋಡಿ ಮೇಡಂ," ಎಂದಳು.

ರಟ್ಟಿನ ಮೇಲೆ ಕೈಬರಹ: ಬೀಗ ಪರೀಕ್ಷಿಸಿ ಕೊಡಲಾಗುತ್ತದೆ.

"ಅಪ್ಪನ ಕಸುಬನ್ನೇ ತಂದು ಇಟ್ಟಿದ್ದೀಯ. ಒಂದು ಬೀಗ ಆದ್ರೂ ತರಬಾರ್ದಿತ್ತಾ?"

"ಬೀಗ ಬಂದವರೇ ತರ್ತಾರೆ."

"ಬಂದ್ರಾ ಯಾರಾದ್ರೂ?"

"ಕ್ಲಾಸಿನ ಇಪ್ಪತ್ತೆರಡು ಜನಾನೂ ಬಂದು ಹೋದ್ರು. ನೀವೇ ಕೊನೆಯವರು."

"ಬಂಡವಾಳ ಏನಾಯ್ತು, ನುಂಗಿದ್ಯಾ?"

ಹುಡುಗಿ ಲಕೋಟೆ ಮುಂದೆ ಸರಿಸಿದಳು. ನೋಟುಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಜೊತೆಗೆ ಪ್ರಿಂಟಿಂಗ್ ಅಂಗಡಿಯ ಒಂದು ರಸೀದಿ. ಒಂದೇ ಒಂದು ಹಾಳೆಯದು.

"ಖರ್ಚು ಅಷ್ಟೇ ಆಗಿದ್ದು," ಎಂದಳು.

ಪಕ್ಕದ ಮೇಜುಗಳವರು ಕಿವಿ ನಿಮಿರಿಸಿದ್ದರು. ಒಬ್ಬಳು ರಾತ್ರಿಯೆಲ್ಲ ಕೂತು ಚೀಲ ಹೊಲಿದಿದ್ದಳು, ಇನ್ನೊಬ್ಬಳ ಬೆರಳುಗಳು ಸಾಬೂನು ಮಾಡಿ ಮಾಡಿ ಸುಲಿದಿದ್ದವು. ಇವಳು ನೋಡಿದರೆ ರಟ್ಟು ನಿಲ್ಲಿಸಿ ಕೂತಿದ್ದಾಳೆ. ಇಂಥವಳಿಗೆ ಸಾಲ ಕೊಡುವುದಕ್ಕಿಂತ ಚರಂಡಿಗೆ ಸುರಿಯುವುದು ಮೇಲು ಎನಿಸಿತು ಮೇಡಂಗೆ.

"ಏನಾದ್ರೂ ಹೇಳೋದಿದ್ಯಾ?"

"ಏನಿಲ್ಲ. ನಿಮಗೆ ಎಷ್ಟು ಅನ್ಸುತ್ತೋ ಅಷ್ಟು ಅಂಕ ಕೊಡಿ ಮೇಡಂ."

ಆ ಧಾಟಿಗೆ ಮೇಡಂ ಸಿಟ್ಟು ನೆತ್ತಿಗೇರಿತು. ಅಂಕ ಕೊಡಲೆಂದು ಪ್ರತಿ ಮೇಜಿನ ಮೂಲೆಯಲ್ಲೂ ಕೇಂದ್ರದ ಕ್ಯೂಆರ್ ಕೋಡ್ ಸ್ಟಿಕ್ಕರ್ ಇತ್ತು. ಫೋನ್ ಹಿಡಿದರೆ ಪುಟ ತೆರೆಯುತ್ತಿತ್ತು, ಒತ್ತಿದರೆ ಮುಗಿಯಿತು. ಇವಳ ಮೇಜಿನದು ಅದೂ ಓರೆ. ಒಂದು ಸ್ಟಿಕ್ಕರನ್ನೂ ನೆಟ್ಟಗೆ ಇಟ್ಟುಕೊಳ್ಳಲಾರದವಳು! ಮೇಡಂ ಫೋನ್ ಹಿಡಿದರು. ಪುಟ ಗಿರಗಿರ ತಿರುಗಿ ಮತ್ತೆ ಲಾಗಿನ್ ಕೇಳಿತು. ಸಭಾಂಗಣದ ದರಿದ್ರ ನೆಟ್‌ವರ್ಕನ್ನು ಬೈಯುತ್ತಾ ಟಪಟಪನೆ ಪಾಸ್‌ವರ್ಡ್ ಒತ್ತಿ, ಸೊನ್ನೆಯನ್ನು ಆರಿಸಿದರು. ಬೆರಳಿಗೇ ಹಿತವೆನಿಸಿತು.

"ಗಂಟುಮೂಟೆ ಕಟ್ಟು," ಎಂದರು.

ನಾಲ್ಕು ಗಂಟೆಗೆ ಎಲ್ಲರೂ ವೇದಿಕೆಯ ಮುಂದೆ ಸೇರಿದರು. ಕೇಂದ್ರದ ಕಾರ್ಯದರ್ಶಿ ಪಟ್ಟಿ ಓದುತ್ತಾ ಬಂದು ಕೊನೆಯ ಸಾಲಿನಲ್ಲಿ ನಿಂತರು.

"ಈ ಬೀಗದ ಮೇಜಿಗೆ ಯಾರ ಅಂಕಾನೂ ಬಂದಿಲ್ಲ, ನೀವೂ ಕೊಟ್ಟಿಲ್ವಲ್ಲ ಮೇಡಂ."

"ಕೊಟ್ಟಿದ್ದೀನಿ. ಸೊನ್ನೆ."

"ಇಲ್ಲಿ ಬಂದಿಲ್ಲ."

"ಹಾಗಾದ್ರೆ ಕೈಯಲ್ಲೇ ಬರ್ಕೊಳ್ಳಿ. ದಪ್ಪಗೆ."

ಕಾರ್ಯದರ್ಶಿ ಪೆನ್ನು ತೆಗೆದರು, ಆದರೆ ಬರೆಯಲಿಲ್ಲ. ಹೊರಗೆ ಹಾಕುವ ಮುನ್ನ ಅವಳದ್ದೂ ಒಂದು ಮಾತು ಕೇಳಬೇಕಲ್ಲ ಎಂದರು. ಹುಡುಗಿ ಎದ್ದು ಬಂದಳು. ಕೈಯಲ್ಲಿ ನಾಲ್ಕಾಗಿ ಮಡಚಿದ ಚೀಟಿ. ಈ ಸಾಲ ಹೋದರೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಅದು ಗೊತ್ತಿದ್ದೇ ಮೇಡಂ ಕುರ್ಚಿಗೆ ಒರಗಿ ಕುಳಿತರು.

"ಬೆಳಿಗ್ಗೆಯಿಂದ ಇಪ್ಪತ್ಮೂರು ಬೀಗ ನೋಡಿದೆ ಸಾರ್. ಇಪ್ಪತ್ತೆರಡು ಗಟ್ಟಿ ಇದ್ವು. ಎಷ್ಟು ಎಳೆದ್ರೂ ಬರ್ಲಿಲ್ಲ. ಮೇಡಂ ಚೆನ್ನಾಗಿ ಕಲಿಸಿದ್ದಾರೆ. ಒಂದು ಮಾತ್ರ ಮುಟ್ಟಿದ ಕೂಡ್ಲೇ ತೆರೀತು."

"ಯಾರದು?" ಮೇಡಂ ನೆಟ್ಟಗಾದರು. ಇವಳ ಜೊತೆ ಇನ್ನೊಬ್ಬರನ್ನೂ ಗುಡಿಸಿ ಹಾಕಬಹುದು. "ಹೆಸರು ಹೇಳು."

"ಬೇಡ ಮೇಡಂ. ಎಲ್ಲರ ಮುಂದೆ ಬೇಡ."

"ಬೇಡ ಅಂದ್ರೇನು? ಮೂರು ತಿಂಗಳು ಬಡ್ಕೊಂಡಿದ್ದೀನಿ. ಇನ್ನೂ ಹಾಗೇ ಇರೋರಿಗೆ ನಾಚಿಕೆ ಆಗ್ಲೇಬೇಕು. ಅಂಥವರು ನನ್ನ ಕೇಂದ್ರದಲ್ಲಿ ಒಂದು ದಿನಾನೂ ಇರಬಾರ್ದು."

"ಹಾಗಾದ್ರೆ ನೀವೇ ಓದಿ," ಎಂದು ಅವಳು ಚೀಟಿ ಕೊಟ್ಟಳು.

ಮೇಡಂ ಮೈಕನ್ನು ಹತ್ತಿರ ಎಳೆದುಕೊಂಡರು. ಕನ್ನಡಕ ಏರಿಸಿ, ಒಂದೊಂದೇ ಮಡಿಕೆ ಬಿಚ್ಚಿದರು.

ಚೀಟಿಯಲ್ಲಿ ಹೆಸರಿರಲಿಲ್ಲ, ಬ್ಯಾಂಕಿಗೂ, ಮೇಲ್‌ಗೂ, ಕೇಂದ್ರದ ಪುಟಕ್ಕೂ ಹನ್ನೊಂದು ವರ್ಷದಿಂದ ಮೇಡಂ ಬದಲಾಯಿಸದೆ ಒತ್ತುತ್ತಾ ಬಂದಿದ್ದ ಎಂಟು ಅಕ್ಷರಗಳಿದ್ದವು.