ನೆವಿಯೊ ಎದ್ದು ಹೋಗುವ ಹೊತ್ತು

“ಏಳಿ ಯಜಮಾನ್ರೇ, ಹೊತ್ತಾಯ್ತು!” ಫೌಸ್ತೊ ಮತ್ತೆ ಹೇಳಿದ.

ಪಕ್ಕದ ಸೀಟಿನ ನೆವಿಯೊ ಅಲುಗಲಿಲ್ಲ. ಮುದುಕ ಎರಡೂ ಕೈಗಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಮೈದಾನವನ್ನೇ ನೋಡುತ್ತಿದ್ದ.

ಕಾಲು ಗಂಟೆಯ ಆಟ ಉಳಿದಿತ್ತು. ಯುರೋಪಿಯನ್ ಫುಟ್‌ಬಾಲ್ ಕಪ್ಪಿನ ಸೆಮಿಫೈನಲ್, ಎದುರಿಗೆ ಬೆಲ್ಜಿಯಂನವರು, ಎರಡೂ ಕಡೆ ಸೊನ್ನೆ. ಒಂದು ಗೋಲು ಬಿದ್ದರೆ ಫೈನಲ್. ಆಟ ಹೆಚ್ಚುವರಿ ಸಮಯಕ್ಕೆ ಹೋದರೆ ಮುಗಿದಂತೆಯೇ. ತಮ್ಮೂರ ಕಾಸ್ತೆಲ್ಮಾರೊ ತಂಡದ ಒಬ್ಬ ಕೆಂಪು ಕಾರ್ಡ್ ಪಡೆದು ಹೊರಗಿದ್ದ, ಉಳಿದವರ ಕಾಲುಗಳು ಸೋತಿದ್ದವು.

ಆ ಒಂದು ಗೋಲು ಬೀಳಬೇಕಾದರೆ ನೆವಿಯೊ ಎದ್ದು ಹೋಗಬೇಕು. ಈ ಗ್ಯಾಲರಿಯಲ್ಲಿ ಅದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಶುರುವಾದದ್ದು ಲೀಗಿನ ಮೊದಲ ಪಂದ್ಯದಲ್ಲಿ. ಆಟ ಇನ್ನೂ ನಡೆಯುತ್ತಿರುವಾಗಲೇ ನೆವಿಯೊ ಎದ್ದ. ಜೇಬಿನಿಂದ ಬಾಚಣಿಗೆ ತೆಗೆದು ಇದ್ದಷ್ಟು ಕೂದಲು ಬಾಚಿಕೊಂಡ, ಬಾಯಿಗೊಂದು ಪೆಪ್ಪರಮಿಂಟು ಹಾಕಿಕೊಂಡ, ಹೊರಟ. ಮೆಟ್ಟಿಲಿಳಿಯುವಷ್ಟರಲ್ಲಿ ಗೋಲು. ಮುಂದಿನ ಪಂದ್ಯದಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ.

“ನೀವು ಬೆನ್ನು ತೋರ್ಸಿದ್ರೆ ಸಾಕು, ಚೆಂಡಿಗೆ ಜೀವ ಬರುತ್ತೆ” ಎಂದಿದ್ದಳು ಹಿಂದಿನ ಸಾಲಿನ ಲೊರೆದಾನ. ಅವಳದು ಬಂದರಿನ ರಸ್ತೆಯಲ್ಲಿ ಹೆಂಗಸರ ಕೇಶಾಲಂಕಾರದ ಅಂಗಡಿ. ಊರಿನ ಗುಟ್ಟೆಲ್ಲ ಅವಳ ಕತ್ತರಿಯ ಕೆಳಗೇ ಹಾದುಹೋಗುತ್ತಿತ್ತು. ಮುದುಕನ ಗುಟ್ಟು ಮಾತ್ರ ಸಿಕ್ಕಿರಲಿಲ್ಲ. “ಅಷ್ಟು ಅವಸರವಾಗಿ ಎಲ್ಲಿಗೆ? ಯಾರಾದ್ರೂ ಕಾಯ್ತಿದ್ದಾರಾ?”

“ಹೂಂ. ಒಬ್ಬಳು ಕಾಯ್ತಾಳೆ.”

ಸಾಲಿಗೆ ಸಾಲೇ ಸಿಳ್ಳೆ ಹಾಕಿತು.

“ಎಲ್ಲಿರ್ತಾಳಪ್ಪ?” ಫೌಸ್ತೊ ಕೇಳಿದ.

“ಗುಡ್ಡದ ಮೇಲೆ, ವಿಲ್ಲಾದಲ್ಲಿ. ದೊಡ್ಡ ತೋಟ ಇದೆ. ಬಡಿಸೋಕೆ, ನೋಡ್ಕೊಳ್ಳೋಕೆ ಜನ, ಗೇಟಿಗೆ ಕಾವಲು. ಹೊತ್ತು ಮೀರಿದ್ರೆ ಒಳಗೆ ಬಿಡಲ್ಲ.”

“ಅಬ್ಬಬ್ಬಾ, ಸಾಹುಕಾರರ ಮನೆಗೇ ಕೈ ಹಾಕಿದ್ದೀರಿ! ಮದುವೆ ಆಗಿದೆಯಾ ಆಕೆಗೆ?”

“ಆಗಿದೆ.”

“ಅವಳ ಯಜಮಾನನಿಗೆ ಗೊತ್ತಾ?”

“ಅವನಿಗೆ ಗೊತ್ತು” ಎಂದಿದ್ದ ನೆವಿಯೊ, ಕೋಟಿನ ಗುಂಡಿ ಹಾಕಿಕೊಳ್ಳುತ್ತ. “ಅವಳಿಗೇ ಒಂದೊಂದ್ಸಲ ಮರ್ತುಹೋಗುತ್ತೆ.”

ಆ ಮಾತಿಗೆ ಗ್ಯಾಲರಿ ವಾರಗಟ್ಟಲೆ ನಕ್ಕಿತ್ತು. ಎಪ್ಪತ್ತು ದಾಟಿದ ರಸಿಕನೆಂದು ಎಲ್ಲರಿಗೂ ಅವನ ಮೇಲೆ ಅಕ್ಕರೆ.

ಚಳಿಗಾಲದಲ್ಲಿ ದೇಶದ ಕಪ್ಪಿನ ಕ್ವಾರ್ಟರ್‌ಫೈನಲ್ ಬಂತು. ಅಂದು ಬಸ್ಸಿನವರ ಮುಷ್ಕರ. ಗುಡ್ಡಕ್ಕೆ ಹೋಗುವ ಬಸ್ಸೇ ಇಲ್ಲ. ನೆವಿಯೊ ಕೊನೆಯವರೆಗೂ ಕೂತಿದ್ದ, ಹಲ್ಲು ನೋವು ಬಂದವನ ಹಾಗೆ ಮುಖ ಮಾಡಿಕೊಂಡು. ಕೊನೆಯ ಗಳಿಗೆಯಲ್ಲಿ ಎದುರಾಳಿಗಳು ಗೋಲು ಹೊಡೆದರು. ಕಪ್ ಹೋಯಿತು. ಅಂದಿನಿಂದ ಅವನು ಎದ್ದು ಹೋಗುವುದು ಕಟ್ಟಳೆಯೇ ಆಯಿತು. ನೆವಿಯೊ ಮರೆತರೂ ಫೌಸ್ತೊ ಮರೆಯುತ್ತಿರಲಿಲ್ಲ. ಮೀನು ಮಾರಿ ಗಟ್ಟಿಯಾದ ಗಂಟಲಿನಲ್ಲಿ ಕೂಗಿ ಅವನನ್ನು ಎಬ್ಬಿಸುತ್ತಿದ್ದ.

ಪರ ಊರಿನ ಆಟಗಳಿಗೆ ಮುದುಕ ಬರುತ್ತಿರಲಿಲ್ಲ. ಅಲ್ಲೆಲ್ಲ ಸೋತು ಸೋತು ತಂಡ ಲೀಗಿನಲ್ಲಿ ಪಾತಾಳ ಕಂಡಿತು. ಉಳಿದದ್ದು ಯುರೋಪ್ ಒಂದೇ.

ಅಂಥ ದಿನ ಈ ಮನುಷ್ಯ ಏಳುತ್ತಿಲ್ಲ!

ಬರುವಾಗಲೇ ತಡ ಮಾಡಿದ್ದ. ಮೈಮೇಲೆ ಇಸ್ತ್ರಿ ಮಾಡಿದ ಕರಿ ಕೋಟು, ಕಾಲಿಗೆ ಹೊಳೆಯುವ ಬೂಟು.

“ಓಹೋ, ಏನ್ ಸಿಂಗಾರ! ಎಲ್ಲಿಂದ ಸವಾರಿ?” ಲೊರೆದಾನ ಕೇಳಿದ್ದಳು.

“ಚರ್ಚಿಂದ.”

“ಗುರುವಾರ ಚರ್ಚಾ? ಪಾಪ ತೊಳ್ಕೊಂಡ್ ಬಂದ್ರಾ?”

ಅವನು ನಕ್ಕಿರಲಿಲ್ಲ. ಫೌಸ್ತೊ ಅದನ್ನು ಗಮನಿಸಿದ್ದ, ಆದರೆ ಅಷ್ಟರಲ್ಲಿ ಆಟ ಶುರುವಾಗಿತ್ತು.

“ಯಜಮಾನ್ರೇ, ಕಾಲಿಗೆ ಬೀಳ್ತೀನಿ. ಆಕೆ ಕಾಯಲ್ವಾ?” ಈಗ ಫೌಸ್ತೊ ಗೋಗರೆದ.

“ಇಲ್ಲ. ಇವತ್ತು ಕಾಯಲ್ಲ.”

“ಜಗಳ ಆಡ್ಕೊಂಡ್ರಾ? ಅಷ್ಟೇ ತಾನೆ! ಒಂದು ಗೊಂಚಲು ಹೂ ತಗೊಂಡ್ಹೋಗಿ, ಕರಗ್ತಾಳೆ.”

“ಹೂವು ಬೇಕಾದಷ್ಟಿದೆ ಅವಳ ಹತ್ರ.” ನೆವಿಯೊನ ದನಿ ಗದ್ದಲದಲ್ಲಿ ಸರಿಯಾಗಿ ಕೇಳಿಸಲೂ ಇಲ್ಲ. “ಬಿಡಪ್ಪ ಫೌಸ್ತೊ. ಇವತ್ತೊಂದಿನ ಜನರ ಮಧ್ಯೆ ಕೂತಿರ್ತೀನಿ.”

ಬೆಲ್ಜಿಯಂನವರ ಹೊಡೆತವೊಂದು ಗೋಲಿನ ಕಂಬಕ್ಕೆ ಬಡಿಯಿತು. ಗ್ಯಾಲರಿ ನರಳಿತು.

“ನೋಡಿದ್ರಾ? ಇನ್ನೂ ಕೂತಿದ್ರೆ ಮುಳುಗ್ತೀವಿ!” ಲೊರೆದಾನ ಚೀರಿದಳು. “ಎತ್ತೋ ಅವ್ರನ್ನ!”

ಹಿಂದಿನ ಸಾಲಿನವರು ಕಾಲು ನೆಲಕ್ಕೆ ಬಡಿದು ಕೂಗತೊಡಗಿದರು: “ಯಜಮಾನ, ಹೊರಗೆ! ಯಜಮಾನ, ಹೊರಗೆ!” ಫೌಸ್ತೊ ಕಂಕುಳಿಗೆ ಕೈ ಹಾಕಿ ಮುದುಕನನ್ನು ಎತ್ತಿದ. ಒಣ ಮೀನಿನ ಬುಟ್ಟಿಯಷ್ಟೂ ಭಾರವಿರಲಿಲ್ಲ. ನೆವಿಯೊ ಅವನ ಮುಖವನ್ನೊಮ್ಮೆ ನೋಡಿದ. ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದ. ತಲೆ ಬಾಚಿಕೊಳ್ಳಲಿಲ್ಲ.

ಅವನ ಕರಿ ಕೋಟು ಬಾಗಿಲಲ್ಲಿ ಮರೆಯಾಯಿತು. ಎಡಗಡೆಯಿಂದ ಕಾರ್ನರ್ ಕಿಕ್ ಬಂತು. ಗುಂಪಿನ ಮಧ್ಯೆ ಯಾರದೋ ತಲೆ ಮೇಲೆದ್ದಿತು.

ಗೋಲು.

ಫೌಸ್ತೊ ಅತ್ತ, ಗುರುತಿಲ್ಲದವರನ್ನೆಲ್ಲ ತಬ್ಬಿ ಮುತ್ತಿಟ್ಟ. ಕೊನೆಯ ಸೀಟಿ ಊದಿದಾಗ ಅವನಿಗೆ ನೆನಪಾದದ್ದು ಒಂದೇ ಮುಖ. ಜನರನ್ನು ತಳ್ಳಿಕೊಂಡು ಹೊರಗೋಡಿದ.

ಮೇ ತಿಂಗಳ ಸಂಜೆಯ ಬೆಳಕು ಇನ್ನೂ ಉಳಿದಿತ್ತು. ಗುಡ್ಡದ ಬಸ್ಸು ಆಗತಾನೆ ಹೊರಟಿತ್ತು. ನಿಲ್ದಾಣದ ಬೆಂಚಿನ ಮೇಲೆ ನೆವಿಯೊ ಒಬ್ಬನೇ.

“ಗೆದ್ವಿ ಯಜಮಾನ್ರೇ! ನಿಮ್ಮಿಂದಾನೇ ಗೆದ್ವಿ!” ಫೌಸ್ತೊ ಅವನ ಭುಜ ಹಿಡಿದು ಅಲುಗಾಡಿಸಿದ. “ಅಯ್ಯೋ, ಬಸ್ಸು ಯಾಕೆ ಬಿಟ್ರಿ? ಅವಳ ಯಜಮಾನ ಏನಾದ್ರೂ ಮನೇಲಿದ್ದಾನಾ?”

ನೆವಿಯೊ ಹೋಗುತ್ತಿದ್ದ ಬಸ್ಸನ್ನು ನೋಡುತ್ತಲೇ ಹೇಳಿದ: “ಅವಳ ಯಜಮಾನ ಇಲ್ಲೇ ಕೂತಿದ್ದಾನಪ್ಪ. ಬೆಳಿಗ್ಗೆ ಅವಳನ್ನ ಮಣ್ಣು ಮಾಡಿ ಬಂದಿದ್ದಾನೆ.”