ಹಂಚಿನ ಮೇಲಿನ ಹನಿ

ತಾನು ಹಾಕಿದ ಕೆಂಪು ಇಂಟು ಗುರುತು ತಪ್ಪೆಂದು ಟೀಚರ್ ಸ್ಪಂದನಳಿಗೆ ಗೊತ್ತಾದದ್ದು ಬೆಳಗ್ಗೆ ಆರೂವರೆಗೆ, ದೋಸೆ ಕಾವಲಿಯ ಮುಂದೆ. ಚಿಮುಕಿಸಿದ ನೀರು ಆವಿಯಾಗದೆ ಗೋಲಿಯಂತೆ ಉರುಳಾಡಿತು. ಇಪ್ಪತ್ತಮೂರು ವರ್ಷ ದೋಸೆ ತಿಂದವಳಿಗೆ ಕಾವಲಿಯನ್ನು ಗಮನಿಸಲು ಕಲಿಸಿದ್ದು ಅವಳದೇ ಒಂಬತ್ತನೇ ಕ್ಲಾಸಿನ ಹುಡುಗಿ. ಮನಸ್ಸಿನಲ್ಲೇ ಅವಳಿಗೆ ಕೈಮುಗಿದು ಡೈರಿಯಲ್ಲಿ ಬರೆದಳು: 'ಇವತ್ತು ಎಲ್ಲರೆದುರು ಹೇಳಬೇಕು. ಮಾತು ಬರುತ್ತದೋ ಇಲ್ಲವೋ.' ಕೆಲಸಕ್ಕೆ ಸೇರಿ ಎಂಟು ತಿಂಗಳಾದರೂ ಹಾಜರಿ ಕರೆಯುವಾಗ ಅವಳು ರಿಜಿಸ್ಟರಿನಿಂದ ತಲೆ ಎತ್ತುತ್ತಿರಲಿಲ್ಲ.

ಮಾತು ಬಾರದ್ದಕ್ಕೇ ಅವಳು ವಿಜ್ಞಾನವನ್ನು ಬರೆಸಿ ಕಲಿಸತೊಡಗಿದ್ದು. ವಾರಕ್ಕೊಂದು ಪುಟ, ಮನೆಯಲ್ಲಿ ಕಂಡದ್ದನ್ನು ಬರೆಯಬೇಕು, ಗೈಡಿನಿಂದ ನಕಲು ಮಾಡಬಾರದು. ಈ ವಾರ ಆವಿಯಾಗುವಿಕೆ. ನಲವತ್ತೊಂದು ಮಕ್ಕಳು ಬಟ್ಟೆ ಒಣಗುವುದನ್ನು ಗೈಡಿನ ಮಾತಿನಲ್ಲೇ ಬರೆದು ರೈಟ್ ಗಿಟ್ಟಿಸಿಕೊಂಡಿದ್ದರು. ನೀಲಮ್ಮ ಮಾತ್ರ ಬರೆದಿದ್ದಳು: 'ರೊಟ್ಟಿ ಹಂಚು ಹದವಾಗಿ ಕಾದಾಗ ನೀರಿನ ಹನಿ ಚುಂಯ್ ಎಂದು ಹೋಗುತ್ತದೆ. ವಿಪರೀತ ಕಾದಾಗ ಹೋಗುವುದಿಲ್ಲ, ಗುಂಡಗೆ ಓಡಾಡುತ್ತದೆ.' ಶಾಖ ಹೆಚ್ಚಿದರೆ ನೀರು ಬೇಗ ಆರಬೇಕಲ್ಲ ಎಂದುಕೊಂಡು ಸ್ಪಂದನ ಇಂಟು ಹಾಕಿದ್ದಳು. ಪಕ್ಕದಲ್ಲಿ 'ಕಲ್ಪನೆ ಬೇಡ' ಎಂದೂ ಬರೆದಿದ್ದಳು.

ಮೊದಲ ಪಿರಿಯಡ್ ಶುರುವಾಗುವ ಹೊತ್ತಿಗೆ ಬಾಗಿಲಲ್ಲಿ ನೀಲಮ್ಮನ ತಾಯಿ ದುರ್ಗವ್ವ ನಿಂತಿದ್ದಳು. ದೀಪಾಂಜಲಿ ನಗರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು; ಮೊಣಕೈವರೆಗೆ ಜೋಳದ ಹಿಟ್ಟು ಹಾಗೇ ಇತ್ತು. ಜೊತೆಯಲ್ಲಿ ಹೆಡ್‌ಮಾಸ್ಟರ್ ಏಕಾಂತಯ್ಯ.

"ಟೀಚರ್ರೀ, ನನಗ ಓದಾಕ ಬರಂಗಿಲ್ಲ. ಕೆಂಪ ಗೀಟಷ್ಟ ತಿಳಿತೈತಿ. ನನ್ನ ಬಾಜೂಕ ಕುಂತು, ಹಂಚ ನೋಡಿ ಬರದಾಳ್ರಿ. ನಿನ್ನೆಯಿಂದ ಉಂಡಿಲ್ಲ. ನನ್ನ ಮಗಳು ಸುಳ್ಳ ಬರದಾಳೇನ್ರಿ?"

"ರೊಟ್ಟಿ ಸೈನ್ಸ್ ಕಣೋ" ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಏಕಾಂತಯ್ಯ ದನಿ ತಗ್ಗಿಸಿದರು. "ಪುಸ್ತಕದಲ್ಲಿ ಇರೋದೇ ಸರಿ ಅಂತ ಹೇಳಿ ಕಳಿಸಿಬಿಡಿ ಮೇಡಂ. ಹುಡುಗರೆದುರು ಟೀಚರು ಸೋತ್ರೆ ನಾಳೆಯಿಂದ ಯಾರು ಮಾತು ಕೇಳ್ತಾರೆ? ಈಗಲೇ ನಿಮ್ಮ ದನಿ ಎರಡನೇ ಬೆಂಚು ದಾಟಲ್ಲ."

ಸ್ಪಂದನ ಬಾಯಿ ತೆರೆಯುವ ಮೊದಲೇ ನೀಲಮ್ಮ ಎದ್ದು ಬಂದು ನೋಟ್‌ಬುಕ್ ಮೇಜಿನ ಮೇಲಿಟ್ಟಳು. "ತಿದ್ದಿ ಬರದೀನ್ರಿ ಮಿಸ್. ಗೈಡಿನ್ಯಾಗ ಇದ್ದಂಗ ಐತಿ. ಅವ್ವಗ ಮನೀಗೆ ಹೋಗಂತ ಹೇಳ್ರಿ."

ಒಂದಕ್ಷರ ತಪ್ಪಿಲ್ಲದ ಪುಟ. ಅದರಲ್ಲಿ ಹಂಚೇ ಇರಲಿಲ್ಲ.

"ಮೊದಲು ಬರೆದಿದ್ದೆಲ್ಲಿ?"

ನೀಲಮ್ಮ ಜಾಮಿಟ್ರಿ ಬಾಕ್ಸಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದುಕೊಟ್ಟಳು. ಸ್ಪಂದನ ಅದನ್ನು ಬಿಡಿಸಿ ಹಿಡಿದಳು. ತರಗತಿಗೆ ಮುಖಮಾಡಿದಳು.

"ಇವತ್ತು ಬೆಳಗ್ಗೆ ನಮ್ಮನೆ ಕಾವಲಿ ಮೇಲೆ ನೀರು ಹಾಕಿ ನೋಡ್ದೆ. ಹನಿ ಓಡಾಡ್ತು. ತುಂಬಾ ಕಾದಾಗ ಅದರ ಆವಿನೇ ಅದನ್ನ ಎತ್ತಿ ಹಿಡಿಯುತ್ತಂತೆ, ಆಮೇಲೆ ಓದಿ ತಿಳ್ಕೊಂಡೆ." ಅವಳು ದುರ್ಗವ್ವನ ಕಡೆ ತಿರುಗಿದಳು. "ಮಗಳನ್ನ ಹಂಚಿನ ಮುಂದೆ ಕೂರಿಸಿಕೊಂಡ್ರಲ್ಲಮ್ಮ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

ಏಕಾಂತಯ್ಯ ಕೆಮ್ಮಿದರು. ಅವಳು ನಿಲ್ಲಿಸಲಿಲ್ಲ. ಕೊನೆಯ ಬೆಂಚನ್ನೇ ನೋಡುತ್ತ, ಅಲ್ಲಿಗೂ ಕೇಳುವಂತೆ ಹೇಳಿದಳು:

"ನೀಲಮ್ಮ ನೋಡಿ ಬರೆದಳು. ನಾನು ನೋಡದೆ ತಪ್ಪು ಹಾಕಿದೆ."